ಹತ್ತರಿಂದ ಹನ್ನೆರಡರವರೆಗಿನ ನಿರುದ್ಯೋಗಿಗಳು

ಊರಿನಲ್ಲಿ ಯಾರಿಗೆ ಕೆಲಸವಿಲ್ಲ ಎಂದು ಹೇಳುವುದೇ ನನ್ನ ಕೆಲಸವಾಗಿತ್ತು. ಉದ್ಯೋಗ ವಿನಿಮಯ ಕಚೇರಿಯ ಎರಡನೇ ಕಿಟಕಿಯ ಹಿಂದೆ, ಒಂದು ಕಾಲಿನ ಕೆಳಗೆ ಮಡಚಿದ ಕಾಗದ ಕೊಟ್ಟ ಕುರ್ಚಿಯಲ್ಲಿ, ಹದಿನೇಳು ವರ್ಷದಿಂದ ಕೂತಿದ್ದೆ. ಕೆಲಸವಿಲ್ಲದವರು ಪ್ರತಿ ಮಂಗಳವಾರ ಬಂದು ತಮ್ಮ ಕಂದು ಕಾರ್ಡನ್ನು ಕಿಟಕಿಯೊಳಗೆ ತಳ್ಳುತ್ತಿದ್ದರು. ನಾನು ಠಸ್ಸೆಯನ್ನು ಶಾಯಿಯ ದಿಂಬಿಗೆ ಒತ್ತಿ ಕಾರ್ಡಿನ ಮೇಲೆ ಕುಟ್ಟುತ್ತಿದ್ದೆ. ಠಸ್ಸೆ ಬಿದ್ದರೆ ಅವನು ಸರ್ಕಾರದ ಲೆಕ್ಕದಲ್ಲಿ ನಿರುದ್ಯೋಗಿ. ಬೀಳದಿದ್ದರೆ, ಮನೆಯಲ್ಲಿ ಒಲೆ ಹೊತ್ತದೆ ಮೂರು ದಿನವಾಗಿದ್ದರೂ, ಅವನಿಗೆ ಎಲ್ಲೋ ಕೆಲಸ ಸಿಕ್ಕಿದೆ ಎಂದೇ ಅರ್ಥ. ಇಂಥ ಅಧಿಕಾರ ಕೈಗೆ ಬಂದರೆ ಯಾರ ತಲೆ ತಾನೇ ನೆಟ್ಟಗಿರುತ್ತದೆ? ಊರವರು ನನ್ನನ್ನು ಠಸ್ಸೆಯಮ್ಮ ಎನ್ನುತ್ತಿದ್ದರು. ಅದು ಗೌರವದ ಮಾತೆಂದು ನಾನು ಬಹಳ ಕಾಲ ನಂಬಿದ್ದೆ.

ಕಿಟಕಿ ತೆರೆಯುತ್ತಿದ್ದುದು ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ. ಆ ಸಮಯವನ್ನು ಗೊತ್ತುಮಾಡಿದವಳೂ ನಾನೇ. ನಿಯಮದ ಪುಸ್ತಕದಲ್ಲಿ, ನೋಂದಣಿ ಗುಮಾಸ್ತರು ಸ್ಥಳೀಯರ ಅನುಕೂಲ ನೋಡಿ ದಿನದ ಯಾವುದಾದರೂ ಎರಡು ಗಂಟೆಯನ್ನು ನಿಗದಿ ಮಾಡಬಹುದು ಎಂದಿತ್ತು. ಸ್ಥಳೀಯರು ಎಂದರೆ ಯಾರು ಎಂದು ಪುಸ್ತಕ ಹೇಳಿರಲಿಲ್ಲ. ನಾನೂ ಇದೇ ಊರಿನವಳಲ್ಲವೇ! ಒಂಬತ್ತು ವರ್ಷದ ಹಿಂದೆ ಸೊಂಟದ ಮೂಳೆ ಮುರಿದು ನಮ್ಮತ್ತೆ ಮಂಚ ಹಿಡಿದಿದ್ದರು. ಹನ್ನೆರಡಕ್ಕೆ ಸರಿಯಾಗಿ ಮನೆಗೆ ಓಡಿ ಅವರನ್ನು ಎಬ್ಬಿಸಿ ಕೂರಿಸಿ, ಮೈ ಒರೆಸಿ, ಉಣ್ಣಿಸಿ, ಮತ್ತೆ ಮಲಗಿಸಿ, ಒಂದೂವರೆಗೆ ಕುರ್ಚಿಗೆ ವಾಪಸಾಗಬೇಕಿತ್ತು. ಆದ್ದರಿಂದ ಊರಿನ ನಿರುದ್ಯೋಗ ಹನ್ನೆರಡು ಗಂಟೆಗೆ ಮುಗಿಯುತ್ತಿತ್ತು.

ಯುದ್ಧ ಎಲ್ಲೋ ದೂರದಲ್ಲಿ ನಡೆಯುತ್ತಿತ್ತು. ನೂಲು ತರುವ ಹಡಗುಗಳು ನಿಂತವು, ಮಿಲ್ಲು ನಿಂತಿತು, ಮಿಲ್ಲಿನ ಸಿಳ್ಳೆ ಕೇಳಿ ಏಳುತ್ತಿದ್ದ ಊರು ಯಾವಾಗ ಏಳಬೇಕೆಂದು ತಿಳಿಯದೆ ಒದ್ದಾಡಿತು. ಮಗ್ಗದ ವಿಭಾಗದ ಏಳುನೂರು ಚಿಲ್ಲರೆ ಗಂಡಸರು, ಹೊಲಿಗೆ ವಿಭಾಗದ ಮುನ್ನೂರು ಚಿಲ್ಲರೆ ಹೆಂಗಸರು ಒಂದೇ ದಿನ ಗೇಟಿನಿಂದ ಹೊರಬಂದರು. ನಮ್ಮ ಮನೆಯಿಂದಲೇ ಇಬ್ಬರು: ಮಗ್ಗದಲ್ಲಿದ್ದ ನನ್ನ ಗಂಡ, ಹೊಲಿಗೆ ಯಂತ್ರದಲ್ಲಿದ್ದ ನನ್ನ ನಾದಿನಿ. ನಾದಿನಿಗೆ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಅಂದಿನಿಂದ ಮಿಲ್ಲಿನಲ್ಲಿ ಹೊಲಿದು, ತನ್ನ ಅನ್ನ ತಾನು ಸಂಪಾದಿಸಿ, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ತಲೆ ಎತ್ತಿಕೊಂಡು ಇದ್ದಳು.

ಮಿಲ್ಲು ಮುಚ್ಚಿದ ಮರುದಿನದಿಂದ ನನ್ನ ಗಂಡ ಜಗಲಿಯ ಮೇಲೆ ಕೂತು ಯುದ್ಧ ನಡೆಸತೊಡಗಿದರು. ಯಾವ ಸೈನ್ಯ ಎಲ್ಲಿ ತಪ್ಪು ಮಾಡಿತು ಎಂಬುದು ಸೇನಾಪತಿಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ನಾದಿನಿ ಬೆಳಿಗ್ಗೆ ಒಂಬತ್ತೂವರೆಗೆ ಬೀದಿ ನಲ್ಲಿಗೆ ಬಿಂದಿಗೆ ಹಿಡಿದು ಹೋಗಿ ಹನ್ನೊಂದರವರೆಗೆ ಸಾಲಿನಲ್ಲಿ ನಿಲ್ಲುತ್ತಿದ್ದಳು. ಬಂದು ಅಡುಗೆ ಮುಗಿಸಿ, ತಾಯಿಗೆ ಮೈ ಒರೆಸಿ ಉಣ್ಣಿಸಿ, ಹನ್ನೆರಡೂವರೆಗೆ ನನ್ನ ಕಚೇರಿಗೇ ಬಿಸಿ ಬಿಸಿ ಊಟ ತರುತ್ತಿದ್ದಳು. ನಾನು ಓಡಿ ಬರುವುದು ತಪ್ಪಿತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಮಧ್ಯಾಹ್ನ ಕೂತು ಉಂಡೆ. ಎರಡು ತಿಂಗಳಲ್ಲಿ ರವಿಕೆ ಬಿಗಿಯಾಯಿತು. ಅದನ್ನು ಬಿಚ್ಚಿ ಸಡಿಲ ಮಾಡಿಕೊಟ್ಟವಳೂ ನಾದಿನಿಯೇ.

ಮಂಗಳವಾರ ಗಂಡಸರ ಸಾಲು ಕಚೇರಿಯ ಕಾಂಪೌಂಡು ದಾಟಿ ಬೀದಿಯ ತಿರುವಿನವರೆಗೂ ಹೋಗುತ್ತಿತ್ತು. ಬೀಡಿ, ಹರಟೆ, ನಗು, ಒಂದು ಸಣ್ಣ ಜಾತ್ರೆ. ನನ್ನ ಗಂಡನೂ ಕ್ಷೌರ ಮಾಡಿಸಿಕೊಂಡು ಬಂದು ಸಾಲಿನಲ್ಲಿ ನಿಲ್ಲುತ್ತಿದ್ದರು. ಕಾರ್ಡು ತಳ್ಳುವಾಗ, “ಮೇಡಮ್, ಸ್ವಲ್ಪ ಮೆತ್ತಗೆ ಕುಟ್ಟಿ, ಮನೇಲೂ ಕುಟ್ಟಿಸ್ಕೊಂಡು ಬಂದಿದೀನಿ,” ಎಂದು ಹಿಂದಿದ್ದವರನ್ನು ನಗಿಸುತ್ತಿದ್ದರು. ಅವರ ಕಾರ್ಡಿನ ಸಂಖ್ಯೆ ನಲವತ್ತೊಂದು.

ಹೀಗಿರುವಾಗ ಗಂಡನ ದೊಡ್ಡಪ್ಪನ ಮಗ, ದೂರದ ಊರಿನಲ್ಲಿ ಗುತ್ತಿಗೆದಾರನಾಗಿದ್ದವನು, ಒಂದು ಕಾಗದ ಬರೆದ. ಹೆಂಡತಿಗೆ ನಿಶ್ಶಕ್ತಿ, ನಾಲ್ಕು ಮಕ್ಕಳು, ದೊಡ್ಡ ಮನೆ. ‘ತಂಗಿ ಹೇಗಿದ್ದರೂ ಅಲ್ಲಿ ಸುಮ್ಮನೆ ಕೂತಿದ್ದಾಳೆ. ಇಲ್ಲಿಗೆ ಕಳಿಸಿದರೆ ಸ್ವಂತ ಮನೆಯಂತೆ ಇರಬಹುದು.’ ಕಾಗದವನ್ನು ಗಂಡ ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದರು. ನಾದಿನಿ ಬಡಿಸುತ್ತಿದ್ದಳು.

“ಸ್ವಂತ ಮನೆ ಅಂದ್ರೆ ಏನಣ್ಣ? ಸಂಬಳ ಕೊಡಲ್ಲ ಅಂತ ತಾನೆ?” ಎಂದಳು.

“ಛೆ, ಹಂಗಲ್ಲ ಕಣೇ. ಅವನು ಒಳ್ಳೆಯವನು. ಬಟ್ಟೆ ಬರೆ ಎಲ್ಲ ನೋಡ್ಕೋತಾನೆ.”

“ಅಲ್ಲಿಗೆ ಹೋದೋರು ಯಾರು ವಾಪಸ್ ಬಂದಿದಾರೆ? ನಮ್ಮ ಸೋದರತ್ತೆ ಹೋದ್ರು, ಅಲ್ಲೇ ಪಾತ್ರೆ ತಿಕ್ಕಿ ತಿಕ್ಕಿ ಮುದುಕಿ ಆಗಿ ಸತ್ತೇ ಹೋದ್ರು.”

ಮಂಚದಿಂದ ಅತ್ತೆಯ ದನಿ ಬಂತು. ಅವರಿಗೆ ಸೊಂಟ ಮುರಿದಿತ್ತೇ ಹೊರತು ನಾಲಿಗೆಗೆ ಏನೂ ಆಗಿರಲಿಲ್ಲ. “ನಾಲ್ಕು ಮಕ್ಕಳನ್ನ ಹೆರುವಾಗ ಇವಳನ್ನ ಕೇಳಿದ್ರಾ ಅವರು?”

ಗಂಡ ಇಕ್ಕಟ್ಟಿಗೆ ಸಿಕ್ಕಿದರು. ನಾಲ್ಕು ಹೊಟ್ಟೆ, ಒಂದು ಠಸ್ಸೆ. ಕೊನೆಗೆ ತಿಂಗಳ ಕೊನೆಯವರೆಗೆ ನೋಡೋಣ ಎಂದಾಯಿತು. ಅಷ್ಟರಲ್ಲಿ ಹೊಲಿಗೆ ಕೆಲಸ ಬಂದರೆ ಇರುತ್ತಾಳೆ, ಇಲ್ಲವಾದರೆ ಅವನು ಬಂದು ಕರೆದುಕೊಂಡು ಹೋಗುತ್ತಾನೆ. ನಾನು ಏನು ಹೇಳಿದೆ ಎಂದು ಕೇಳಬೇಡಿ. ಅವಳು ಹೋದರೆ ಮಧ್ಯಾಹ್ನದ ಊಟದ ಗತಿಯೇನು ಎಂಬ ಚಿಂತೆಯಲ್ಲೇ ಇನ್ನೊಂದು ತುತ್ತು ಬಾಯಿಗೆ ಹಾಕಿಕೊಂಡೆ.

ಹೊಲಿಗೆ ಕೆಲಸ ಬರುವ ಸುದ್ದಿ ಮಾತ್ರ ನಿಜವಾಗಿತ್ತು. ಯುದ್ಧಕ್ಕೆ ಬೇಕಾದ ಬೂಟು, ಬಟ್ಟೆ, ಡೇರೆಗಳ ಗುತ್ತಿಗೆಗಳೆಲ್ಲ ದೊಡ್ಡ ಊರುಗಳ ದೊಡ್ಡ ಕಾರ್ಖಾನೆಗಳ ಪಾಲಾಗುತ್ತಿವೆ, ಸಣ್ಣ ಊರುಗಳಲ್ಲಿ ಜನ ಕೈ ಕಟ್ಟಿ ಕೂತಿದ್ದಾರೆ ಎಂದು ಗಲಾಟೆಯಾಗಿತ್ತು. ಅದಕ್ಕೆ ಸರ್ಕಾರ ಒಂದು ಸಮಿತಿ ಮಾಡಿ, ಸಾವಿರಕ್ಕಿಂತ ಹೆಚ್ಚು ನೋಂದಾಯಿತ ನಿರುದ್ಯೋಗಿಗಳಿರುವ ಊರನ್ನು ಸಂಕಷ್ಟದ ಊರೆಂದು ಕರೆದು, ಅಂಥ ಊರುಗಳಿಗೆ ಮೊದಲು ಗುತ್ತಿಗೆ ಕೊಡುವುದೆಂದು ತೀರ್ಮಾನಿಸಿತು. ಇಪ್ಪತ್ತು ಸಾವಿರ ಡೇರೆ ಹೊಲಿಯಬೇಕು. ಬಟ್ಟೆ ಸರ್ಕಾರದ್ದು, ಯಂತ್ರ ಮತ್ತು ಕೈ ಊರಿನದು. ನಿಮ್ಮಲ್ಲಿ ಎಷ್ಟು ಜನ ಎಂದು ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು.

ನಾನು ಕಾರ್ಡುಗಳನ್ನು ಎರಡು ಸಲ ಎಣಿಸಿದೆ. ಏಳುನೂರ ಎಪ್ಪತ್ತಮೂರು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹೊಸ ನಿಬ್ಬು ಹಾಕಿ, ಕೆಳಗೆ ಎರಡು ಗೀಟು ಎಳೆದು, ಸಾಹೇಬರ ಸಹಿಗೆ ಇಟ್ಟೆ. ನಮ್ಮ ಸಾಹೇಬರು ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದು, ಆ ಎರಡು ವರ್ಷವನ್ನು ಸದ್ದು ಮಾಡದೆ ದಾಟಬೇಕೆಂದುಕೊಂಡವರು. “ಎಷ್ಟು ಚೆನ್ನಾಗಿ ಬರೆದಿದೀರಮ್ಮ,” ಎಂದು ಸಹಿ ಹಾಕಿದರು. ನಾನು ಆ ದಿನ ಸ್ವಲ್ಪ ಎತ್ತರವಾದೆ.

ಎಂಟು ದಿನಕ್ಕೆ ಉತ್ತರ ಬಂತು. ನಿಮ್ಮ ಊರು ಸಂಕಷ್ಟದಲ್ಲಿಲ್ಲ. ಡೇರೆಗಳ ಗುತ್ತಿಗೆಯನ್ನು ಬೇರೆ ಊರಿಗೆ ಕೊಡಲು ಯೋಚಿಸಲಾಗಿದೆ. ಅಂಕಿ ಬದಲಾದಲ್ಲಿ ಬರುವ ಬುಧವಾರದೊಳಗೆ ತಂತಿ ಮೂಲಕ ತಿಳಿಸತಕ್ಕದ್ದು.

ಅದು ಶುಕ್ರವಾರ. ನಾನು ಆ ಕಾಗದವನ್ನು ಹಿಡಿದು ಕಚೇರಿಯ ವರಾಂಡದಲ್ಲಿ ಕೂತಿದ್ದಾಗ ನಾದಿನಿ ಊಟ ತಂದಳು. ಬಡಿಸುತ್ತ, “ಯಾಕತ್ತಿಗೆ, ಮುಖ ಹಿಂಗಿದೆ?” ಎಂದಳು. ಹೇಳಿದೆ.

“ಏಳುನೂರ ಎಪ್ಪತ್ತಮೂರು ಅಂದ್ರೆ ಮಗ್ಗದೋರೇ ಆಯ್ತಲ್ಲ,” ಎಂದಳು. “ನಾವೆಲ್ಲಿ?”

“ನೀವು ಯಾರು?”

“ಹೊಲಿಗೆಯೋರು. ಮುನ್ನೂರ ನಲವತ್ತು ಜನ ಇದ್ವಿ ಅತ್ತಿಗೆ. ಮಿಲ್ಲು ನಮಗೇನು ತೆರೆದೇ ಇದೆಯಾ?”

“ಹೆಂಗಸರ ಕಾರ್ಡು ಒಂಬತ್ತಿವೆ, ಅವೂ ಮಿಲ್ಲಿನ ಕಸ ಗುಡಿಸೋರದು. ಹೊಲಿಗೆಯೋರು ಯಾರೂ ಬಂದು ಬರೆಸಿಲ್ಲ. ಬಂದು ಬರೆಸದಿದ್ರೆ ನಾನೇನು ಮಾಡ್ಲಿ? ನಿಯಮ ಅಂದ್ರೆ ನಿಯಮ,” ಎಂದೆ. ಬಾಯಲ್ಲಿ ಅವಳು ಮಾಡಿದ ಅಡುಗೆಯ ತುತ್ತಿತ್ತು.

ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. “ಯಾವಾಗ ಬರೋದು? ಒಂಬತ್ತೂವರೆಗೆ ನೀರು, ಹನ್ನೊಂದಕ್ಕೆ ಒಲೆ, ಹನ್ನೆರಡಕ್ಕೆ ಇಸ್ಕೂಲಿಂದ ಮಕ್ಕಳು. ನಿಮ್ಮ ಕಿಟಕಿ ಮುಚ್ಚೋದೂ ಹನ್ನೆರಡಕ್ಕೆ. ನಲ್ಲಿ ಹತ್ರ ಎಲ್ಲರೂ ಬೈತಾರೆ, ಈ ಸಮಯ ಇಟ್ಟೋನು ಯಾವನೋ ನೀರು ಹಿಡಿದೋನಲ್ಲ, ಅನ್ನ ಬೇಯಿಸಿದೋನಲ್ಲ ಅಂತ.”

 ವರ್ಷಗಟ್ಟಲೆ ನೀರು ಹಿಡಿದು, ಅನ್ನ ಬೇಯಿಸಿ, ಅದಕ್ಕೋಸ್ಕರವೇ ಆ ಸಮಯ ಇಟ್ಟವಳು ಅವಳ ಎದುರಿಗೇ ಕೂತು ಉಣ್ಣುತ್ತಿದ್ದಳು. “ನೀನಾದ್ರೂ ಒಂದು ಮಾತು ಹೇಳಬಾರದಿತ್ತಾ? ದಿನಾ ಇಲ್ಲಿಗೇ ಬರ್ತೀಯಲ್ಲ,” ಎಂದೆ.

“ನಾನು ಬರೋ ಹೊತ್ತಿಗೆ ನೀವು ಕಿಟಕಿ ಮುಚ್ಚಿ ಕೈ ತೊಳ್ಕೊಂಡು ಕೂತಿರ್ತೀರ. ನೀವಾಗೇ ಒಂದಿನ ಕೇಳ್ತೀರ ಅಂದ್ಕೊಂಡೆ.”

ಎರಡು ತಿಂಗಳು. ವಾರಕ್ಕೆ ಆರು ದಿನ. ಊರಿನ ನಿರುದ್ಯೋಗಿಗಳನ್ನು ಒಬ್ಬರೂ ತಪ್ಪದಂತೆ ಎಣಿಸುವ ನಾನು, ಊಟದ ಡಬ್ಬಿ ಹಿಡಿದು ನನ್ನ ಎದುರಿಗೇ ನಿಲ್ಲುತ್ತಿದ್ದವಳನ್ನು ಎಣಿಸಿರಲಿಲ್ಲ. ಹಸಿವು ಇದ್ದಕ್ಕಿದ್ದಂತೆ ಸತ್ತಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಸುಳ್ಳು. ಪೂರ್ತಿ ಉಂಡೆ. ಉಂಡು, ಕೈ ತೊಳೆದು, ಸಾಹೇಬರ ಕೋಣೆಗೆ ಹೋದೆ.

“ಸಮಯ ಬದಲಾಯಿಸ್ತೀರಾ?” ಸಾಹೇಬರು ಕನ್ನಡಕ ತೆಗೆದರು. “ಯಾವ ಕಾರಣಕ್ಕೆ?”

“ಸ್ಥಳೀಯರ ಅನುಕೂಲಕ್ಕೆ, ಸಾರ್.”

“ಒಂಬತ್ತು ವರ್ಷದಿಂದ ಅನುಕೂಲವಾಗೇ ಇತ್ತಲ್ಲಮ್ಮ?”

“ನನಗಿತ್ತು ಸಾರ್.”

“ಒಂದೇ ವಾರದಲ್ಲಿ ಮುನ್ನೂರು ನಿರುದ್ಯೋಗಿಗಳು ಎಲ್ಲಿಂದ ಬಂದ್ರು ಅಂತ ಮೇಲಿನವರು ಕೇಳಿದ್ರೆ?”

“ಮೊದಲಿಂದಲೂ ಇದ್ರು, ಗುಮಾಸ್ತೆ ಕಣ್ಣಿಗೆ ಬೀಳಲಿಲ್ಲ ಅಂತ ಬರೀರಿ.”

ಅವರು ಬಹಳ ಹೊತ್ತು ಮೇಜಿನ ಮೇಲಿನ ಗುಂಡುಪಿನ್ನುಗಳನ್ನು ಒಂದೇ ದಿಕ್ಕಿಗೆ ಜೋಡಿಸಿದರು. ಕೊನೆಗೆ, ಅದು ಗುಮಾಸ್ತೆಯ ಅಧಿಕಾರ, ತಮ್ಮದೇನೂ ಸಹಿ ಬೇಕಿಲ್ಲ ಎಂದು ಪುಸ್ತಕದಲ್ಲಿ ತೋರಿಸಿದರು. ಅವರ ಮಟ್ಟಿಗೆ ಅದೇ ದೊಡ್ಡ ಧೈರ್ಯ.

ಮಂಗಳವಾರ ಮಧ್ಯಾಹ್ನ ಮೂರರಿಂದ ಐದು ಎಂದು ಬರೆದು ಬಾಗಿಲಿಗೆ ಅಂಟಿಸಿದೆ. ನಾದಿನಿ ಅದನ್ನು ನೋಡಿ, “ಇದನ್ನ ಓದೋಕೆ ಇಲ್ಲಿಗೆ ಯಾರು ಬರ್ತಾರೆ?” ಎಂದಳು. ಶನಿವಾರ, ಭಾನುವಾರ, ಸೋಮವಾರ ಊರಿನ ಅಷ್ಟೂ ಬೀದಿ ನಲ್ಲಿಗಳಿಗೆ ಹೋಗಿ ತಾನೇ ಹೇಳಿ ಬಂದಳು. ಸರ್ಕಾರದ ಪ್ರಕಟಣೆ ಅಷ್ಟು ಬೇಗ ಹರಡಿದ್ದನ್ನು ನಾನು ಹಿಂದೆಯೂ ಕಂಡಿಲ್ಲ, ಮುಂದೆಯೂ ಕಾಣಲಿಲ್ಲ.

ಮಂಗಳವಾರ ಎರಡೂವರೆಗೇ ಕಾಂಪೌಂಡು ತುಂಬಿತು. ಕಂಕುಳಲ್ಲಿ ಕೂಸು, ಕೈಯಲ್ಲಿ ಕಾಯಿಪಲ್ಯದ ಚೀಲ, ಸೆರಗಿಗೆ ಜೋತುಬಿದ್ದ ಮಕ್ಕಳು. ಬೇಲಿಯ ಮೇಲೆ ಕೂತ ಗಂಡಸರಿಗೆ ತಮಾಷೆಯೋ ತಮಾಷೆ.

“ಏನ್ರೋ, ಹೆಂಗಸರಿಗೂ ಕೆಲಸ ಇಲ್ವಂತೆ! ನಮ್ಮನೇಲಿ ನೋಡಿದ್ರೆ ಐದು ನಿಮಿಷ ಕೂತು ಮಾತಾಡೋಕೂ ಪುರುಸೊತ್ತಿಲ್ಲ ಅಂತಾಳೆ!” ಎಂದ ಒಬ್ಬ.

ಸಾಲಿನಲ್ಲಿದ್ದ ಅವನ ಹೆಂಡತಿ ತಿರುಗಿದಳು. “ಪುರುಸೊತ್ತು ನಿನ್ನ ಹತ್ರ ರಾಶಿ ಬಿದ್ದಿದೆಯಲ್ಲ. ಈ ಕೂಸನ್ನ ಹಿಡ್ಕೋ ಬಾ.” ಅವನು ಬೇಲಿಯಿಂದ ಇಳಿದು ಮಾಯವಾದ.

ನಾದಿನಿ ಸಾಲು ನೇರ ಮಾಡಿದಳು, ಅಳುವ ಕೂಸುಗಳನ್ನು ಎತ್ತಿಕೊಂಡಳು, ಒಣಗಿದ ಶಾಯಿಯ ದಿಂಬಿಗೆ ನೀರು ಚಿಮುಕಿಸಿದಳು. ನಾನು ಬರೆಯುತ್ತ ಹೋದೆ. ಹೆಸರು, ಬೀದಿ, ಮನೆಯಲ್ಲಿ ಎಷ್ಟು ಜನ. ಕೊನೆಯ ಕಾಲಮ್ಮು ‘ತಿಳಿದ ಕಸುಬು’. ಸಾಲಿನಲ್ಲಿ ಮೊದಲು ನಿಂತಿದ್ದವಳು ಕಚೇರಿಯ ಮೆಟ್ಟಿಲನ್ನೇ ಹತ್ತದವಳು, ಹೆದರಿ ಬೆವರುತ್ತಿದ್ದಳು. “ಏನು ಮಾಡೋಕೆ ಬರುತ್ತಮ್ಮ?” ಎಂದರೆ, “ಅಡುಗೆ ಮಾಡ್ತೀನಕ್ಕ,” ಎಂದು ಪಿಸುಗುಟ್ಟಿದಳು. ಅಡುಗೆ ಎಂದು ಬರೆದೆ. ಹಿಂದೆ ಇನ್ನೂ ಇನ್ನೂರ ತೊಂಬತ್ತು ಜನ. ಐದು ಗಂಟೆಯೊಳಗೆ ಮುಗಿಸಬೇಕು. ಅದರ ಕೆಳಗೆಲ್ಲ ‘ಮೇಲಿನಂತೆ’, ‘ಮೇಲಿನಂತೆ’ ಎಂದು ಎಳೆಯುತ್ತ ಹೋದೆ. ಎಷ್ಟು ಚುರುಕು ನನ್ನ ಕೈ ಎಂದು ನಡುವೆ ಒಮ್ಮೆ ಹೆಮ್ಮೆಯೂ ಪಟ್ಟೆ. ಕಿಟಕಿ ಮುಚ್ಚುವಾಗ ಒಟ್ಟು ಸಾವಿರದ ಅರವತ್ತನಾಲ್ಕು. ಕೊನೆಯ ಕಾರ್ಡು ನಾದಿನಿಯದು. ಎಲ್ಲರದೂ ಆಗುವವರೆಗೆ ಅವಳು ಯಾರದೋ ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು.

ಬುಧವಾರ ತಂತಿ ಹೋಯಿತು. ಹತ್ತು ದಿನಕ್ಕೆ ಡೇರೆಗಳ ಗುತ್ತಿಗೆ ನಮ್ಮೂರಿಗೆ ಬಂತು. ಮಿಲ್ಲಿನ ಸಿಳ್ಳೆ ಕೂಗಿದಾಗ ಅತ್ತೆ ಮಂಚದಲ್ಲೇ ಚಪ್ಪಾಳೆ ತಟ್ಟಿದರು. ನಾದಿನಿ ತನ್ನ ಕತ್ತರಿಯನ್ನು ಸಾಣೆ ಹಿಡಿಸಿಕೊಂಡು ಬಂದಳು.

ಗುತ್ತಿಗೆಯ ಜೊತೆ ಒಂದು ಆದೇಶವೂ ಬಂದಿತ್ತು. ಮೊದಲಿಗೆ ಮುನ್ನೂರು ಜನರನ್ನು ತೆಗೆದುಕೊಳ್ಳಬೇಕು. ನೋಂದಣಿಯಲ್ಲಿ ಹೊಲಿಗೆ ಬಲ್ಲವರೆಂದು ಬರೆದಿದ್ದರೆ ಅವರಿಗೆ ಮೊದಲ ಅವಕಾಶ, ಅಂಥವರಿಲ್ಲದಿದ್ದರೆ ಕಾರ್ಡಿನ ಸಂಖ್ಯೆಯ ಪ್ರಕಾರ. ಸಾಹೇಬರು ನೋಂದಣಿ ಪುಸ್ತಕವನ್ನು ತೆರೆದರು, ಕಸುಬಿನ ಕಾಲಮ್ಮಿನ ಮೇಲೆ ಬೆರಳಾಡಿಸಿದರು, ಮುಚ್ಚಿದರು. “ಹೊಲಿಗೆಯೋರು ಯಾರೂ ಇಲ್ಲಮ್ಮ. ಸಂಖ್ಯೆ ಪ್ರಕಾರ ಪಟ್ಟಿ ಮಾಡಿ,” ಎಂದರು. ಮಾಡಿದೆ! ಒಂದರಿಂದ ಮುನ್ನೂರರವರೆಗೆ, ಸಾಲುಸಾಲಾಗಿ, ಒಂದು ಚಿತ್ತಿಲ್ಲದೆ. ಹೇಳಿದ್ದನ್ನು ಯೋಚಿಸದೆ ಅಂದವಾಗಿ ಬರೆಯುವುದೇ ಹದಿನೇಳು ವರ್ಷದಲ್ಲಿ ನಾನು ಕಲಿತ ವಿದ್ಯೆ. ಸಂಜೆ ಮನೆಯಲ್ಲಿ ನನ್ನ ಗಂಡ, “ನಲವತ್ತೊಂದು! ನಾನಿದೀನಿ!” ಎಂದು ಕುಣಿದಾಗ ನಾದಿನಿ ಕೇಳಿದಳು, “ನಾನು?”

ಆಗ ಲೆಕ್ಕ ಹೊಳೆಯಿತು. ಮುನ್ನೂರೂ ಗಂಡಸರು. ಅವಳು ಸಾವಿರದ ಅರವತ್ತನಾಲ್ಕು.

“ಅಣ್ಣ ಹೊಲೀತಾನಾ?” ಎಂದಳು ನಾದಿನಿ.

“ಅದರಲ್ಲೇನಿದೆ?” ಎಂದರು ಗಂಡ. “ಕಾಲಲ್ಲಿ ತುಳಿಯೋದು, ಕೈಯಲ್ಲಿ ತಳ್ಳೋದು. ಮಗ್ಗ ನಡೆಸಿದೋನಿಗೆ ಇದ್ಯಾವ ಮಹಾ?”

ದೊಡ್ಡಪ್ಪನ ಮಗನಿಂದ ಎರಡನೇ ಕಾಗದ ಬಂತು. ತಿಂಗಳ ಕೊನೆಯ ಭಾನುವಾರ ಬರುತ್ತೇನೆ, ತಂಗಿಯ ಸಾಮಾನು ಕಟ್ಟಿಡಿ. ನಾದಿನಿ ಪೆಟ್ಟಿಗೆಯನ್ನು ಇಳಿಸಿ ಒರೆಸಿದಳು. ಮುಚ್ಚಳ ತೆರೆದು ಹಾಗೇ ಬಿಟ್ಟಳು, ಏನನ್ನೂ ಇಡಲಿಲ್ಲ. ಮೂರು ದಿನ ಆ ಪೆಟ್ಟಿಗೆ ಹಿಂದಿನ ಕೋಣೆಯಲ್ಲಿ ಬಾಯಿ ತೆರೆದುಕೊಂಡು ಕೂತಿತ್ತು. ಅದನ್ನು ದಾಟಿ ಹೋಗುವಾಗ ನಾನು ಗೋಡೆಯ ಕಡೆ ನೋಡುತ್ತಿದ್ದೆ.

ಮಿಲ್ಲಿನಲ್ಲಿ ಆ ಮೂರು ದಿನ ಏನಾಯಿತೆಂದು ಊರೆಲ್ಲ ಹೇಳಿ ಹೇಳಿ ನಕ್ಕಿತು. ಸೂಜಿಗಳು ಪಟಪಟನೆ ಮುರಿದವು. ಒಬ್ಬ ಡೇರೆಯ ಬಾಗಿಲನ್ನೇ ಹೊಲಿದು ಮುಚ್ಚಿಬಿಟ್ಟ. ನನ್ನ ಗಂಡ ಡೇರೆಯ ಅಂಚಿನ ಜೊತೆ ತಮ್ಮ ಅಂಗಿಯ ತೋಳನ್ನೂ ಸೇರಿಸಿ ಹೊಲಿದರು, ಬಿಡಿಸಿಕೊಳ್ಳಲಾಗದೆ ಇಬ್ಬರು ಸೇರಿ ಅಂಗಿಯಿಂದ ಅವರನ್ನೇ ಬಿಡಿಸಬೇಕಾಯಿತು. ಬನಿಯನ್ನಿನಲ್ಲಿ ಮನೆಗೆ ಬಂದ ಮಗನನ್ನು ನೋಡಿ ಅತ್ತೆ, “ಯುದ್ಧ ಗೆದ್ದು ಬಂದ್ಯೇನಪ್ಪ?” ಎಂದರು. ನಾಲ್ಕನೇ ದಿನ ಮಾದರಿಗೆಂದು ಒಂದು ಡೇರೆ ಎತ್ತಿ ಕಟ್ಟಿದರಂತೆ. ಗಾಳಿ ಬಂತು, ಅದು ಎರಡು ಹೋಳಾಗಿ ಎರಡು ದಿಕ್ಕಿಗೆ ಹೋಯಿತು.

ಅಂದೇ ಸಂಜೆ ಹೊಲಿಗೆ ವಿಭಾಗದ ಮೇಸ್ತ್ರಿ ನಮ್ಮ ಮನೆಗೆ ಬಂದ. ಜಗಲಿಯ ಮೇಲೆ ಕೂತು, ನಾದಿನಿ ಕೊಟ್ಟ ಚಹಾ ಕುಡಿದು ಗಂಟಲು ಸರಿಮಾಡಿಕೊಂಡ.

“ನೋಡಮ್ಮ, ಒಂದು ನಾಲ್ಕು ದಿನ ಬಂದು ಈ ಗಂಡಸರಿಗೆ ಸ್ವಲ್ಪ ತೋರಿಸಿಕೊಡು. ನಿನ್ನ ಕೈ ನಾನು ಕಂಡಿಲ್ವಾ? ಡಬಲ್ ಹೊಲಿಗೆ ಹಾಕೋದು ಹೇಗೆ, ಮೂಲೆ ತಿರುಗಿಸೋದು ಹೇಗೆ, ಅಷ್ಟೇ.”

“ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಬರೀತೀರಾ?”

“ಅದಾಗಲ್ಲಮ್ಮ. ಸರ್ಕಾರದ ಪಟ್ಟಿ ಇದೆಯಲ್ಲ. ಮನೆಯೋರಿಗೆ ಹೇಳಿಕೊಟ್ಟ ಹಾಗೆ ಅಂದ್ಕೋ. ನಿಮ್ಮಣ್ಣನೂ ಇದಾನೆ.”

“ನಮ್ಮಣ್ಣನಿಗೆ ಮೂವತ್ತೆಂಟು ವರ್ಷದಿಂದ ಎಲ್ಲರೂ ಪುಕ್ಕಟೆ ಮಾಡಿಕೊಟ್ಟಿದಾರೆ,” ಎಂದಳು ನಾದಿನಿ. “ನಾನು ಬರಲ್ಲ. ಕೆಲಸಕ್ಕೆ ಕರೀರಿ, ಬರ್ತೀನಿ. ನನ್ನೊಬ್ಬಳನ್ನಲ್ಲ, ಹೊಲಿಗೆಯೋರನ್ನ ಎಲ್ಲ.”

“ಕರೆಯೋಣ ಅಂದ್ರೆ ಹೊಲಿಗೆಯೋರು ಅಂತ ಯಾರಿದಾರೆ?” ಮೇಸ್ತ್ರಿಗೂ ಸಿಟ್ಟು ಬಂತು. “ನಿನ್ನೆ ನಾನೇ ಹೋಗಿ ಪುಸ್ತಕ ನೋಡಿದೆ. ನೀನು ಅಡುಗೆಯೋಳು ಅಂತಿದೆ! ನೀನೊಬ್ಬಳೇ ಅಲ್ಲ. ಇನ್ನೂರ ತೊಂಬತ್ತೊಂದು ಜನ ಹೆಂಗಸರು, ಅಷ್ಟೂ ಜನ ಅಡುಗೆಯೋರು! ಇಷ್ಟು ಜನ ಅಡುಗೆಯೋರನ್ನ ಇಟ್ಕೊಂಡು ಡೇರೆ ಹೊಲಿಸ್ಲಾ, ಸೈನ್ಯಕ್ಕೆ ಊಟ ಹಾಕಿಸ್ಲಾ?”

ನಾದಿನಿ ನಿಧಾನವಾಗಿ ನನ್ನ ಕಡೆ ತಿರುಗಿದಳು. 

“ಅತ್ತಿಗೆ, ನೀವು ನನ್ನನ್ನ ಏನು ಅಂತ ಬರೆದ್ರಿ?”

“ಮೇಲಿನಂತೆ,” ಎಂದೆ.

“ಆಹಾ, ಆಫೀಸರಮ್ಮ!” ಒಳಗಿನಿಂದ ಅತ್ತೆ. “ಆರು ವರ್ಷ ಹೊಲಿದ ಬಟ್ಟೆ ಉಟ್ಕೊಂಡು ಆಫೀಸಿಗೆ ಹೋಗಿ, ಹೊಲಿದೋಳನ್ನ ಅಡುಗೆಯೋಳು ಅಂತ ಬರೆದು ಬಂದ್ಯಾ? ಕಣ್ಣು ಎಲ್ಲಿಟ್ಟಿದ್ಯೇ ತಾಯಿ?”

ನನ್ನ ಪರವಾಗಿ ಹೇಳಲು ಬಹಳವಿತ್ತು. ಆತುರ, ಸಾಲು, ಕೈನೋವು. ನಿಜ ಬೇರೆಯಿತ್ತು. ದಿನಾ ಅವಳ ಕೈಯಡುಗೆ ಉಣ್ಣುತ್ತಿದ್ದವಳಿಗೆ ಅವಳ ಕೈ ನೆನಪಿಸಿದ್ದು ಅಡುಗೆಯನ್ನೇ. ನಾದಿನಿ ಬೈಯುತ್ತಾಳೆಂದು ಕಾದೆ. ಅವಳು, “ತಿದ್ದೋಕೆ ಆಗುತ್ತಾ?” ಎಂದಳು.

ಆಗುತ್ತಿತ್ತು. ಆದರೆ ನೋಂದಣಿ ಪುಸ್ತಕದಲ್ಲಿ ಒಂದು ಅಕ್ಷರ ತಿದ್ದಬೇಕಾದರೂ, ಇದು ಗುಮಾಸ್ತೆಯ ತಪ್ಪು ಎಂದು ಪಕ್ಕದಲ್ಲಿ ಬರೆದು ಸಹಿ ಹಾಕಬೇಕು. ಮೂರಕ್ಕಿಂತ ಹೆಚ್ಚು ತಪ್ಪಾದರೆ ಅದು ಸೇವಾ ಪುಸ್ತಕಕ್ಕೆ ಹೋಗುತ್ತದೆ. ಹದಿನೇಳು ವರ್ಷದಲ್ಲಿ ನನ್ನ ಪುಸ್ತಕದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಅದನ್ನು ನೆಂಟರಿಗೆಲ್ಲ ಹೇಳಿಕೊಂಡಿದ್ದೆ.

ಮರುದಿನ ಸಾಹೇಬರು, “ಇನ್ನೂರ ತೊಂಬತ್ತೊಂದು ತಪ್ಪಾ?” ಎಂದು ಎದೆ ಹಿಡಿದುಕೊಂಡರು. “ಒಂದೇ ತಪ್ಪು ಸಾರ್, ಇನ್ನೂರ ತೊಂಬತ್ತೊಂದು ಸಲ,” ಎಂದೆ. ಪ್ರತಿಯೊಬ್ಬಳನ್ನೂ ಮತ್ತೆ ಕರೆದು ಕೇಳುವಷ್ಟು ದಿನವಿರಲಿಲ್ಲ. ಶುಕ್ರವಾರವಾಗಿತ್ತು, ಭಾನುವಾರ ದೊಡ್ಡಪ್ಪನ ಮಗ ಬರುತ್ತಾನೆ. ನಾದಿನಿಯನ್ನು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು ಪುಸ್ತಕ ತೆರೆದೆ. ಮಿಲ್ಲಿನ ಹಳೆಯ ಹಾಜರಿ ಪುಸ್ತಕದೊಂದಿಗೆ ಮೇಸ್ತ್ರಿ ಎದುರಿಗೆ ಕೂತ, ತಾಳೆ ನೋಡಲು.

ನಾನು ಹೆಸರು ಓದಿದೆ. ಅವಳು ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋದಳು. “ಇವಳು ಎರಡನೇ ಸಾಲು, ಕಿಟಕಿ ಪಕ್ಕದ ಯಂತ್ರ. ಕಾಲರು. ಇವಳು ಕಾಜ. ದಿನಕ್ಕೆ ಇನ್ನೂರು ಕಾಜ, ಒಂದೂ ಸೊಟ್ಟ ಇಲ್ಲ. ಇವಳದು ದಪ್ಪ ಬಟ್ಟೆ, ಡೇರೆಗೆ ಇವಳೇ ಸರಿ. ಇವಳ ಯಂತ್ರದ ಬೆಲ್ಟು ಯಾವಾಗಲೂ ಜಾರ್ತಿತ್ತು, ದಾರ ಸುತ್ತಿ ಓಡಿಸೋಳು.” ಮೇಸ್ತ್ರಿ ಮೊದಮೊದಲು ಪುಟ ತಿರುವಿ ತಾಳೆ ನೋಡಿದ. ಐವತ್ತು ಹೆಸರಾದ ಮೇಲೆ ಪುಸ್ತಕ ಮುಚ್ಚಿಟ್ಟು ಬರೀ ತಲೆಯಾಡಿಸಿದ. ನಾನು ‘ಮೇಲಿನಂತೆ’ ಹೊಡೆದುಹಾಕಿ, ‘ಹೊಲಿಗೆ’ ಎಂದು ಬರೆದು, ಪಕ್ಕದಲ್ಲಿ ‘ಗುಮಾಸ್ತೆಯ ತಪ್ಪು’ ಎಂದು ಬರೆದು ಸಹಿ ಹಾಕಿದೆ. ನೂರರ ಹೊತ್ತಿಗೆ ಬೆರಳು ಮರಗಟ್ಟಿತು. ಇನ್ನೂರರ ಹೊತ್ತಿಗೆ ಆ ಎರಡು ಪದ ನನ್ನ ಹೆಸರಿನ ಭಾಗವೇ ಎನಿಸತೊಡಗಿತು. ಕೊನೆಯ ಸಾಲಿಗೆ ಬಂದು ನಿಂತೆ.

“ಇವಳು?” ಎಂದೆ.

“ಮೂರನೇ ಸಾಲು, ಏಳನೇ ಯಂತ್ರ,” ಎಂದಳು. “ಎಲ್ಲಾ ಬರುತ್ತೆ ಅಂತ ಬರೀರಿ.”

ಕಾಲಮ್ಮು ಚಿಕ್ಕದಿತ್ತು. ಹಿಂಡಿ ಹಿಂಡಿ ಬರೆದೆ.

ಹೊಸ ಪಟ್ಟಿ ಶನಿವಾರ ಬೆಳಿಗ್ಗೆ ಮಿಲ್ಲಿಗೆ ಹೋಯಿತು. ಹೊಲಿಗೆಗೆ ಇನ್ನೂರ ತೊಂಬತ್ತೊಂದು ಹೆಂಗಸರು. ಉಳಿದ ಒಂಬತ್ತು ಜಾಗ, ಹಗ್ಗ ಕಟ್ಟಿ ಮೂಟೆ ಹೊರಲು, ಮೊದಲ ಒಂಬತ್ತು ಕಾರ್ಡಿನವರಿಗೆ. ನಲವತ್ತೊಂದು ಅದರಲ್ಲಿ ಇರಲಿಲ್ಲ. ನನ್ನ ಗಂಡ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಮೂರನೇ ದಿನ ಹಸಿವಾಯಿತು, ಮಾತಾಡಿದರು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. “ಒಲೆ ಹಚ್ಚೋದು ಹೇಗೆ?” ಎಂದು ಅವರು ಮಂಚದ ಪಕ್ಕ ನಿಂತು ಕೇಳಿದರಂತೆ. ಅತ್ತೆ ಮಲಗಿದಲ್ಲಿಂದಲೇ ಕಲಿಸಿದರಂತೆ, ಬೈಗುಳ ಸೇರಿಸಿ. ಸೇವಾ ಪುಸ್ತಕದಲ್ಲಿ ನನ್ನ ಬಗ್ಗೆ ಎರಡು ಸಾಲು ಬಿದ್ದವು. ಬಡ್ತಿ ಮೂರು ವರ್ಷ ಹಿಂದೆ ಸರಿಯಿತು. ಡೇರೆಗಳು ಎಲ್ಲಿ ಹೋದವು, ಅವುಗಳಡಿ ಯಾರ ಮಕ್ಕಳು ಮಲಗಿದರು, ಎಷ್ಟು ಜನ ಎದ್ದು ಬಂದರು ಎಂದು ನಮಗೆ ತಿಳಿಯಲಿಲ್ಲ. ಅದರ ಬಗ್ಗೆ ನಾವು ಹೆಚ್ಚು ಮಾತಾಡಲಿಲ್ಲ.

ಆದರೆ ಅದೆಲ್ಲ ಆಮೇಲೆ. ಪಟ್ಟಿ ಹೋದ ಶನಿವಾರವೇ ಕಾಗದ ಬರೆಯಬೇಕಿತ್ತು. ನಾಳೆ ಬರುವವನಿಗೆ, ಅವನ ಊರಿನ ಬಸ್ಸಿನವನ ಕೈಯಲ್ಲಿ ರಾತ್ರಿಗೇ ತಲುಪುವಂತೆ. ನಾನು ಕಚೇರಿಯ ಒಳ್ಳೆಯ ಕಾಗದ ತೆಗೆದು ಕರಡು ಮಾಡಿದೆ. ‘ತಮ್ಮ ಕುಟುಂಬದ ಪರಿಸ್ಥಿತಿಯನ್ನು ಸಂಪೂರ್ಣವಾಗಿ ಅರ್ಥಮಾಡಿಕೊಂಡಿದ್ದು, ಅನಿವಾರ್ಯ ಕಾರಣಗಳಿಂದ, ಸದ್ಯದ ಮಟ್ಟಿಗೆ...’ ನಾದಿನಿ ಓದಿದಳು, ಕಾಗದವನ್ನು ತಿರುವಿದಳು.

“ಇದರಲ್ಲಿ ನಾನು ಬರ್ತೀನಾ, ಬರಲ್ವಾ?”

“ಬರಲ್ಲ ಅಂತಾನೇ ಬರೆದಿದೀನಲ್ಲ.”

“ಎಲ್ಲಿ?”

ನಾನು ಹುಡುಕಿದೆ. ಅದು ಮುಂದಿನ ಪುಟದಲ್ಲಿ ಬರುವುದಿತ್ತು. ಅವಳು ಪೆನ್ನು ಕಿತ್ತುಕೊಂಡು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕರಡಿನ ಹಿಂಬದಿಯಲ್ಲಿ ತಾನೇ ಬರೆದಳು. ‘ಅಣ್ಣಾ, ಸೋಮವಾರದಿಂದ ನಾನು ಕೆಲಸಕ್ಕೆ ಹೋಗುತ್ತೇನೆ. ನೀನು ಬರುವುದು ಬೇಡ. ಅಲ್ಲಿಯ ಅತ್ತಿಗೆಯನ್ನು ಡಾಕ್ಟರಿಗೆ ತೋರಿಸು.’ ಕೆಳಗೆ ತನ್ನ ಹೆಸರು, ಅದರ ಕೆಳಗೆ ಮೂರನೇ ಸಾಲು, ಏಳನೇ ಯಂತ್ರ ಎಂದು ವಿಳಾಸದಂತೆ.

ಮಡಚಿ ನನ್ನ ಕೈಗೆ ಕೊಟ್ಟಳು. ಎರಡು ಕಡೆ ದೀರ್ಘ ತಪ್ಪಿತ್ತು. ತಿದ್ದಲು ಕೈ ತುರಿಸಿತು. ಸೆರಗಿನೊಳಗೆ ಭದ್ರವಾಗಿ ಇಟ್ಟುಕೊಂಡು ಬಸ್ ನಿಲ್ದಾಣದ ಕಡೆ ಓಡಿದೆ. ಐದು ಗಂಟೆಯ ಬಸ್ಸು ಹೊರಟು ನಿಂತಿತ್ತು.